ಕೆರೆ ನೀರಿನ ಪರೀಕ್ಷಾ ಕಿಟ್: ದೂರು ಬರೆಯುವವರ ಕೈಗೆ ಎಷ್ಟು ಉಪಯುಕ್ತ?

ಕೆರೆ, ಸರೋವರಗಳ ನೀರನ್ನು ಸಾರ್ವಜನಿಕರೇ ದಡದಲ್ಲಿ ನಿಂತು ಪರೀಕ್ಷಿಸಲು ಅನುಕೂಲವಾಗುವಂತೆ ತಯಾರಾದ ಕಿಟ್‌ಗಳು ಈಗ ಹಲವು ಸಿಗುತ್ತವೆ. ಅವುಗಳಲ್ಲಿ ಒಂದನ್ನು ನಮ್ಮ ಕೆರೆ ಸಂರಕ್ಷಣಾ ಗುಂಪಿಗಾಗಿ ಕೊಂಡು, ನೀರು ಇಳಿದ ಕಾಲ ಮತ್ತು ತುಂಬಿದ ಕಾಲ ಎರಡರಲ್ಲೂ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಬಗೆಯ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ರಸಾಯನಶಾಸ್ತ್ರವನ್ನು ನೆಚ್ಚಿಕೊಂಡಿರುವುದರಿಂದ ಅವುಗಳ ಗುಣದೋಷಗಳೂ ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ನಾನು ಇಲ್ಲಿ ಕೇಳಿಕೊಂಡಿರುವ ಪ್ರಶ್ನೆ ಒಂದೇ: ಕೆರೆಗೆ ಕೊಳಚೆ ಸೇರುತ್ತಿದೆ ಎಂದು ಸಂಬಂಧಪಟ್ಟವರಿಗೆ ಬರೆದು, ಉತ್ತರ ಪಡೆದು, ಕ್ರಮ ಕೈಗೊಳ್ಳುವಂತೆ ಮಾಡಬೇಕೆಂದಿರುವ ನಾಗರಿಕರಿಗೆ ಈ ಪೆಟ್ಟಿಗೆಯಿಂದ ಎಷ್ಟು ಪ್ರಯೋಜನವಿದೆ?

ಪೆಟ್ಟಿಗೆಯೊಳಗೆ ಇರುವುದು ಇಷ್ಟು: ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು ಅಳತೆಯ ಗುರುತುಗಳಿರುವ ಹಗ್ಗ ಕಟ್ಟಿದ ಕಪ್ಪು-ಬಿಳುಪಿನ ಸೆಕ್ಕಿ ತಟ್ಟೆ, ಕರಗಿದ ಆಮ್ಲಜನಕವನ್ನು ಅಳೆಯುವ ಗಾಜಿನ ಬಾಟಲಿ ಮತ್ತು ಅದಕ್ಕೆ ಬೇಕಾದ ಕಾರಕಗಳು (ಪರೀಕ್ಷೆಗೆ ಹಾಕುವ ರಾಸಾಯನಿಕಗಳು), ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ), ಅಮೋನಿಯಾ, ನೈಟ್ರೇಟ್ ಮತ್ತು ಫಾಸ್ಫೇಟ್‌ಗಳಿಗೆ ಬಣ್ಣ ಹೋಲಿಸಿ ನೋಡುವ ಟ್ಯೂಬುಗಳು, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಮತ್ತು ವಿದ್ಯುತ್ ವಾಹಕತೆ ತೋರಿಸುವ ಒಂದು ಪೆನ್ ಮೀಟರ್, ತಾಪಮಾಪಕ, ಮಲಮೂಲದ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಸುವ ಸಣ್ಣ ಬಾಟಲಿಗಳು, ಕೈಗವಸು ಹಾಗೂ ಒಂದು ಕೈಪಿಡಿ. ಫಲಿತಾಂಶಗಳನ್ನು ತುಂಬಿಸಿಕೊಂಡು ನಕ್ಷೆಯ ಮೇಲೆ ತೋರಿಸುವ ಆ್ಯಪ್ ಒಂದನ್ನೂ ಜೊತೆಗೆ ಕೊಟ್ಟಿದ್ದಾರೆ.

ನೀರು ಸುರಕ್ಷಿತವೋ ಅಲ್ಲವೋ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ನೀವೇ ತಿಳಿದುಕೊಳ್ಳಬಹುದು ಎಂಬ ಅರ್ಥದ ಭರವಸೆ ಪೆಟ್ಟಿಗೆಯ ಮೇಲಿದೆ. ಈ ಭರವಸೆಯೇ ಉತ್ಪನ್ನದ ಅತಿ ದೊಡ್ಡ ದೋಷವೆಂದು ನನಗೆ ತೋರುತ್ತದೆ. ಸುರಕ್ಷಿತ ಎಂಬ ತೀರ್ಪನ್ನು ಕೊಡಲು ಸೀಸ, ಪಾದರಸ, ಕ್ರೋಮಿಯಂನಂಥ ಲೋಹಗಳು, ಕೀಟನಾಶಕಗಳು, ಕೈಗಾರಿಕಾ ದ್ರಾವಕಗಳು, ಪಾಚಿ ಬಿಡುವ ವಿಷಗಳು ಇವೆಲ್ಲವನ್ನೂ ನೋಡಬೇಕಾಗುತ್ತದೆ. ಇವುಗಳಲ್ಲಿ ಒಂದನ್ನೂ ಈ ಕಿಟ್ ಮುಟ್ಟುವುದಿಲ್ಲ. ಎಲ್ಲ ಟ್ಯೂಬುಗಳೂ ಹಿತವಾದ ಬಣ್ಣ ತೋರಿಸಿದ ದಿನವೂ ನೀರು ವಿಷಮಯವಾಗಿರಬಹುದು. ಆದರೆ ತೀರ್ಪು ಕೊಡುವ ಸಾಧನವೆಂದು ತಿಳಿಯದೆ, ಪ್ರಶ್ನೆಯನ್ನು ಹರಿತಗೊಳಿಸುವ ಸಾಧನವೆಂದು ಕೈಗೆತ್ತಿಕೊಂಡರೆ, ಇದೇ ಪೆಟ್ಟಿಗೆಯ ಮೂರು ವಸ್ತುಗಳು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ತಟ್ಟೆ, ಆಮ್ಲಜನಕದ ಬಾಟಲಿ ಮತ್ತು ಎಲ್ಲರೂ ತಪ್ಪಾಗಿ ಬಳಸುವ ಆ ಪೆನ್ ಮೀಟರ್, ಈ ಮೂರು.

ಮೊದಲು ತಟ್ಟೆಯ ಮಾತು. ಇಟಲಿಯ ಖಗೋಳಶಾಸ್ತ್ರಜ್ಞ, ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನಿಂದ ಬಿಳಿ ತಟ್ಟೆಗಳನ್ನು ಇಳಿಬಿಟ್ಟು ನೀರಿನ ಪಾರದರ್ಶಕತೆಯನ್ನು ಅಳೆದದ್ದರಿಂದ ಇದಕ್ಕೆ ಆತನ ಹೆಸರು ಬಂದಿದೆ. ಕೆರೆ-ಸರೋವರಗಳಿಗೆ ಬಳಸುವ 20 ಸೆಂಟಿಮೀಟರ್ ಅಗಲದ, ನಾಲ್ಕು ಭಾಗಗಳಲ್ಲಿ ಕಪ್ಪು-ಬಿಳುಪು ಬಳಿದ ರೂಪ ಆಮೇಲೆ ಬಂದದ್ದು. ತಟ್ಟೆಯನ್ನು ನೆರಳಿನ ಬದಿಯಿಂದ ಮೆಲ್ಲಗೆ ಇಳಿಸಬೇಕು. ಬಿಳಿ ಭಾಗ ಮೊದಲು ಹಸಿರಾಗುತ್ತದೆ, ಬಳಿಕ ಮಂಕಾಗುತ್ತದೆ, ಒಂದು ಹಂತದಲ್ಲಿ ಕಣ್ಣಿಗೆ ಇದೆಯೋ ಇಲ್ಲವೋ ಎಂಬಂತಾಗಿ ಮಾಯವಾಗುತ್ತದೆ. ಅಲ್ಲಿ ಹಗ್ಗವನ್ನು ಬೆರಳಿನಿಂದ ಹಿಡಿದು ಗುರುತು ಮಾಡಿಕೊಂಡು, ಇನ್ನಷ್ಟು ಇಳಿಸಿ, ಮತ್ತೆ ಮೇಲೆತ್ತುತ್ತ ಅದು ಕಾಣಿಸಿಕೊಂಡ ಆಳವನ್ನೂ ಗುರುತಿಸಿ, ಎರಡರ ಸರಾಸರಿ ತೆಗೆದುಕೊಳ್ಳಬೇಕು. ಇದಕ್ಕೆ ಕಾರಕ ಬೇಡ, ಬ್ಯಾಟರಿ ಬೇಡ, ಅವಧಿ ಮುಗಿಯುವ ಚಿಂತೆಯೂ ಇಲ್ಲ. ರಾಬರ್ಟ್ ಕಾರ್ಲ್‌ಸನ್ 1977ರಲ್ಲಿ ಸರೋವರದ ಪೋಷಕಾಂಶ ಸ್ಥಿತಿಯನ್ನು ಅಂಕದಲ್ಲಿ ಹೇಳಲು ರೂಪಿಸಿದ ಸೂಚ್ಯಂಕದ ಪ್ರಕಾರ ತಟ್ಟೆ 4 ಮೀಟರ್ ಆಳದವರೆಗೆ ಕಂಡರೆ 40, 2 ಮೀಟರಿಗೆ 50, 1 ಮೀಟರಿಗೆ 60, ಅರ್ಧ ಮೀಟರಿಗೆ 70 ಅಂಕ. ಅಂದರೆ ಪಾರದರ್ಶಕತೆ ಅರ್ಧಕ್ಕಿಳಿದಾಗಲೆಲ್ಲ ಅಂಕ ಹತ್ತರಷ್ಟು ಏರುತ್ತದೆ, ಮತ್ತು ಸಾಮಾನ್ಯವಾಗಿ 50ರಿಂದ ಆಚೆಗೆ ಕೆರೆಯಲ್ಲಿ ಪೋಷಕಾಂಶಗಳು ಅತಿಯಾಗಿವೆ ಎಂದು ಲೆಕ್ಕ. ಕೈಪಿಡಿಯಲ್ಲಿ ಈ ಸೂಚ್ಯಂಕದ ಪ್ರಸ್ತಾಪವೇ ಇಲ್ಲದಿರುವುದು ಆಶ್ಚರ್ಯ. ಮಳೆ ಬಂದ ಮೇಲೆ ಕೊಚ್ಚಿ ಬಂದ ಮಣ್ಣಿನಿಂದಲೂ ತಟ್ಟೆ ಬೇಗ ಮರೆಯಾಗುತ್ತದೆ ಎಂಬ ಎಚ್ಚರಿಕೆಯೂ ಇಲ್ಲ. ನೀರಿನ ಬಣ್ಣವನ್ನು, ಕೆಂಪು ಮಿಶ್ರಿತ ಕಂದೋ ಬಟಾಣಿ ಹಸಿರೋ ಎಂದು ಪಕ್ಕದಲ್ಲಿ ಬರೆದಿಡದಿದ್ದರೆ ಆ ಅಂಕಿಯಿಂದ ಅರ್ಧ ಕಥೆಯಷ್ಟೇ ತಿಳಿಯುತ್ತದೆ.

ಇಷ್ಟು ಸರಳವಾದ ಅಳತೆಯಿಂದ ಆಡಳಿತವನ್ನು ಅಲುಗಿಸಲು ಸಾಧ್ಯವೇ ಎಂದು ಕೇಳುವವರಿಗೆ ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರದ ಉದಾಹರಣೆಯನ್ನು ಹೇಳಬೇಕು. ಸುತ್ತಲಿನ ಪಟ್ಟಣಗಳ ಸಂಸ್ಕರಿಸಿದ ಒಳಚರಂಡಿ ನೀರು ಆ ಸರೋವರಕ್ಕೆ ಸೇರುತ್ತಿತ್ತು. ಆಸಿಲೇಟೋರಿಯಾ ರುಬೆಸೆನ್ಸ್ ಎಂಬ ನೀಲಿ-ಹಸಿರು ಪಾಚಿ ಅಲ್ಲಿ ಕಾಣಿಸಿಕೊಂಡದ್ದನ್ನು ವಿಶ್ವವಿದ್ಯಾಲಯದ ಜೀವಿವಿಜ್ಞಾನಿ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಅವರ ತಂಡ 1955ರಲ್ಲಿ ಗುರುತಿಸಿತು. ಯೂರೋಪಿನ ಸರೋವರಗಳು ಹಾಳಾಗುವ ಮೊದಲು ಅಲ್ಲಿಯೂ ಇದೇ ಪಾಚಿ ಬಂದಿತ್ತೆಂಬುದು ಅವರಿಗೆ ಗೊತ್ತಿತ್ತು. ವಕೀಲ ಜೇಮ್ಸ್ ಎಲ್ಲಿಸ್ ಮತ್ತು ಅವರ ಜೊತೆಗಾರ ನಾಗರಿಕರು ಒಳಚರಂಡಿ ನೀರನ್ನು ಸರೋವರಕ್ಕೆ ಬಿಡದಿರುವ ವ್ಯವಸ್ಥೆಗಾಗಿ ಪ್ರಚಾರ ನಡೆಸಿ, 1958ರಲ್ಲಿ ಮೊದಲ ಮತದಾನದಲ್ಲಿ ಸೋತು, ಅದೇ ವರ್ಷ ಮತ್ತೆ ಮತಕ್ಕೆ ಹಾಕಿಸಿ ಗೆದ್ದರು. 1963ರಿಂದ 1968ರೊಳಗೆ ಒಳಚರಂಡಿ ನೀರನ್ನು ಸರೋವರದಿಂದ ಬೇರೆಡೆಗೆ ತಿರುಗಿಸಲಾಯಿತು. 1964ರ ಸುಮಾರಿಗೆ ಒಂದು ಮೀಟರ್ ಆಳವೂ ಕಾಣದಿದ್ದ ಸೆಕ್ಕಿ ತಟ್ಟೆ, 1968ರ ಹೊತ್ತಿಗೆ ಸುಮಾರು ಮೂರು ಮೀಟರ್‌ವರೆಗೆ ಕಾಣತೊಡಗಿತು. ಮತ ಹಾಕಿದವರಿಗೆ ಪಾಚಿಯನ್ನು ಬೆಳೆಸುವ ರಂಜಕದ (ಫಾಸ್ಫೇಟಿನಲ್ಲಿರುವ ಧಾತು) ಮೈಕ್ರೋಗ್ರಾಂ ಲೆಕ್ಕಕ್ಕಿಂತ ಈ ಆಳದ ಲೆಕ್ಕವೇ ಬೇಗ ಅರ್ಥವಾಗಿರಬೇಕೆಂಬುದು ನನ್ನ ಊಹೆ.

ಎರಡನೆಯದು, ಕರಗಿದ ಆಮ್ಲಜನಕದ ಪರೀಕ್ಷೆ; ಈ ಕೆಲಸ ಮಾಡುವವರೆಲ್ಲ ಡಿಒ ಎಂದೇ ಕರೆಯುತ್ತಾರೆ. ಹಂಗೆರಿಯ ರಸಾಯನಶಾಸ್ತ್ರಜ್ಞ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ಈ ವಿಧಾನವನ್ನು ಪ್ರಯೋಗಾಲಯಗಳೂ ಇಂದಿಗೂ ಬಿಟ್ಟಿಲ್ಲ, ಹೀಗಾಗಿ ಇದನ್ನು ಆಟಿಕೆಯೆಂದು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ. ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ, ಓರೆಯಾಗಿ ಹಿಡಿದು, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ನೀರಿನ ಒಳಗೇ ಬಿರಡೆ ಹಾಕಬೇಕು. ಬಳಿಕ ಮ್ಯಾಂಗನೀಸ್ ಸಲ್ಫೇಟ್ ಮತ್ತು ಅಜೈಡ್ ಬೆರೆತ ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ಹನಿಸಿ ಬಾಟಲಿಯನ್ನು ಕೆಳಗೆ ಮೇಲೆ ಮಾಡಿದರೆ ಒಳಗೆ ಗಸಿ ಮೂಡುತ್ತದೆ. ಇಡೀ ಪರೀಕ್ಷೆಯಲ್ಲಿ ಅತ್ಯಂತ ಮಾತನಾಡುವ ಕ್ಷಣ ಇದು: ಆಮ್ಲಜನಕವಿದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳಿ. ಕೊಳಚೆ ಕಾಲುವೆ ಬಂದು ಸೇರುವ ಮೂಲೆಯ ನೀರಿನ ಬಾಟಲಿಯಲ್ಲಿ ಹಾಲು ಒಡೆದಂಥ ಬಿಳಿ ಗಸಿ ಇಳಿಯುವುದನ್ನು ನೋಡಿದವರಿಗೆ ಯಾವ ಅಂಕಿಯನ್ನೂ ವಿವರಿಸಬೇಕಾಗಿಲ್ಲ. ಆಮ್ಲವನ್ನು ಸೇರಿಸಿದಾಗ ಕಂದು ಗಸಿ ಕರಗಿ ನೀರು ಹೊಂಬಣ್ಣಕ್ಕೆ ತಿರುಗುತ್ತದೆ. ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ ಬಣ್ಣ ಒಣಹುಲ್ಲಿನಷ್ಟು ತೆಳುವಾಗುತ್ತದೆ. ಆಗ ಪಿಷ್ಟದ ದ್ರಾವಣ ಹಾಕಿದರೆ ಕಡುನೀಲಿ, ಮತ್ತೆ ಕೆಲವು ಹನಿಗಳಲ್ಲಿ ಥಟ್ಟನೆ ನಿರ್ವರ್ಣ. ಬಳಸಿದ ಥಯೋಸಲ್ಫೇಟಿನ ಹನಿಗಳನ್ನೆಲ್ಲ ಎಣಿಸಿದರೆ ಉತ್ತರ ಸಿಗುತ್ತದೆ. ನಾವು ಕೊಂಡ ಕಿಟ್‌ನಲ್ಲಿ ಒಂದು ಹನಿಗೆ ಲೀಟರಿಗೆ ಅರ್ಧ ಮಿಲಿಗ್ರಾಂ ಎಂದು ಲೆಕ್ಕ, ನಮ್ಮ ಉದ್ದೇಶಕ್ಕೆ ಅಷ್ಟು ನಿಖರತೆ ಸಾಕು.

ಈ ಅಂಕಿಯನ್ನು ಓದುವುದು ಹೇಗೆಂದು ಕೈಪಿಡಿಯಲ್ಲಿ ಒಂದೇ ಸಾಲಿದೆ, ಐದಕ್ಕಿಂತ ಮೇಲಿದ್ದರೆ ಉತ್ತಮ ಎಂದು. ಇದು ಸಾಲದು ಎನ್ನುವುದಕ್ಕಿಂತ ಅಪಾಯಕಾರಿ ಎನ್ನುವುದೇ ಸರಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 9.1 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8.3, 30 ಡಿಗ್ರಿಯಲ್ಲಿ 7.6. ಪಾಚಿ ದಟ್ಟವಾಗಿ ಬೆಳೆದ ಕೆರೆಯಲ್ಲಿ ಹಗಲೆಲ್ಲ ದ್ಯುತಿಸಂಶ್ಲೇಷಣೆ ನಡೆಯುವುದರಿಂದ ಮಧ್ಯಾಹ್ನ ಈ ಮಿತಿಯನ್ನೂ ಮೀರಿದ ಅಂಕಿ ಬರಬಹುದು. ರಾತ್ರಿ ಅದೇ ಪಾಚಿಯೂ ಕೊಳೆಯುತ್ತಿರುವ ಕಸವೂ ಆಮ್ಲಜನಕವನ್ನು ಹೀರಿಕೊಂಡು, ಬೆಳಗಿನ ಜಾವದ ಹೊತ್ತಿಗೆ ಎರಡಕ್ಕಿಂತ ಕೆಳಗಿಳಿಸಬಹುದು. ಮೀನು ಸಾಯುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲಿ. ಹೀಗಿರುವಾಗ ಮಧ್ಯಾಹ್ನ ತೆಗೆದ ಮಾದರಿಯಲ್ಲಿ ಹತ್ತು ಮಿಲಿಗ್ರಾಂ ಬಂದಿದೆ, ನೀರು ಬಹಳ ಚೆನ್ನಾಗಿದೆ ಎಂದು ಬರೆದುಕೊಟ್ಟರೆ ಅದು ಕೆರೆಯ ರೋಗಲಕ್ಷಣವನ್ನೇ ಆರೋಗ್ಯವೆಂದು ಬರೆದುಕೊಟ್ಟಂತೆ. ಆದ್ದರಿಂದ ಸೂರ್ಯ ಹುಟ್ಟುವ ಮೊದಲೊಮ್ಮೆ, ಮಧ್ಯಾಹ್ನವೊಮ್ಮೆ ಅಳೆದು ಎರಡನ್ನೂ ದಾಖಲಿಸಬೇಕು. ಕತ್ತಲಲ್ಲಿ ದಡದ ಮೇಲೆ ಹನಿ ಎಣಿಸುತ್ತ ಕೂರಬೇಕಾಗಿಲ್ಲ. ಆಮ್ಲದವರೆಗಿನ ಹಂತವನ್ನು ಅಲ್ಲೇ ಮುಗಿಸಿದರೆ ಮಾದರಿ ಸ್ಥಿರವಾಗುತ್ತದೆ, ಬಾಟಲಿಯನ್ನು ಬೆಳಕಿಗೆ ಒಡ್ಡದೆ ಮನೆಗೆ ತಂದು ಕೆಲವು ಗಂಟೆಗಳೊಳಗೆ ಉಳಿದದ್ದನ್ನು ಮಾಡಬಹುದು. ಈ ಸೌಲಭ್ಯವಿರುವುದರಿಂದಲೇ ದುಬಾರಿ ಡಿಒ ಮೀಟರ್‌ಗಿಂತ ಬಾಟಲಿಯ ವಿಧಾನ ನಮ್ಮಂಥ ಗುಂಪುಗಳಿಗೆ ಹೆಚ್ಚು ಹೊಂದುತ್ತದೆ.

ಪಿಎಚ್ ಮತ್ತು ಅಮೋನಿಯಾ ಟ್ಯೂಬುಗಳನ್ನು ಒಂಟಿಯಾಗಿ ನೋಡಬಾರದು, ಜೋಡಿಯಾಗಿ ನೋಡಬೇಕು. ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ಏರುತ್ತದೆ. ಏರಿದ ಪಿಎಚ್‌ನಲ್ಲಿ ಅಮೋನಿಯಾ ಹೆಚ್ಚು ವಿಷಕಾರಿ ರೂಪಕ್ಕೆ ತಿರುಗುತ್ತದೆ. 25 ಡಿಗ್ರಿ ತಾಪದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಮುಕ್ತ ಅಮೋನಿಯಾದ ಪಾಲು ಶೇಕಡಾ ಒಂದಕ್ಕೂ ಕಡಿಮೆ. ಪಿಎಚ್ 8ಕ್ಕೆ ಸುಮಾರು ಶೇಕಡಾ 5. ಪಿಎಚ್ 9ಕ್ಕೆ ಶೇಕಡಾ 35ನ್ನೂ ಮೀರುತ್ತದೆ. ಈ ಲೆಕ್ಕದ ಪಟ್ಟಿಯನ್ನು ಕಿಟ್‌ನವರು ಅಚ್ಚು ಹಾಕಿಸಿ ಒಳಗಿಟ್ಟಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ಟ್ಯೂಬುಗಳ ಕೆಲಸದ ಬಗ್ಗೆ ದೂರಿಲ್ಲ, ಬಣ್ಣಗಳು ಸ್ಪಷ್ಟವಾಗಿವೆ. ತೀರ ಹಸಿರಾದ ನೀರಿನಲ್ಲಿ ಮಾತ್ರ ನೀರಿನ ಬಣ್ಣವೇ ಅಡ್ಡ ಬರುವುದರಿಂದ, ಕಾರಕ ಹಾಕದ ಅದೇ ನೀರಿನ ಟ್ಯೂಬನ್ನು ಬಣ್ಣದ ಪಟ್ಟಿಯ ಹಿಂದೆ ಹಿಡಿದು ಹೋಲಿಸಿ ನೋಡಬೇಕಾಗುತ್ತದೆ.

ಫಾಸ್ಫೇಟ್ ಪರೀಕ್ಷೆಯ ವಿಷಯದಲ್ಲಿ ನನಗೆ ಕಿಟ್‌ನ ಮೇಲೆ ನಿಜವಾದ ಅಸಮಾಧಾನವಿದೆ. ಕೆರೆ ಹಸಿರುಗಟ್ಟುವುದರಲ್ಲಿ ರಂಜಕದ ಪಾತ್ರವೇನೆಂಬುದನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರಾಯೋಗಿಕ ಸರೋವರ ಪ್ರದೇಶದಲ್ಲಿ ಡೇವಿಡ್ ಶಿಂಡ್ಲರ್ ತಂಡ 1973ರಲ್ಲಿ ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟಿತು. ಅಲ್ಲಿನ 226ನೇ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು ಬೆರೆಸಿ, ಒಂದಕ್ಕೆ ಮಾತ್ರ ಅವುಗಳ ಜೊತೆಗೆ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಮಾರ್ಜಕಗಳಲ್ಲಿ ಫಾಸ್ಫೇಟ್ ಬಳಕೆಗೆ ಹಲವು ದೇಶಗಳಲ್ಲಿ ಕಡಿವಾಣ ಬೀಳಲು ಈ ಪ್ರಯೋಗದ ವೈಮಾನಿಕ ಚಿತ್ರವೂ ಬಲ ಕೊಟ್ಟಿತು. ಈಗ ಅಳತೆಗೆ ಬರೋಣ. ಒಟ್ಟು ರಂಜಕ ಲೀಟರಿಗೆ 0.035 ಮಿಲಿಗ್ರಾಂ ದಾಟಿದರೆ ಸರೋವರವನ್ನು ಪೋಷಕಾಂಶ ಅತಿಯಾದ ವರ್ಗಕ್ಕೂ, 0.1 ದಾಟಿದರೆ ತೀರ ವಿಪರೀತದ ವರ್ಗಕ್ಕೂ ಸೇರಿಸುವುದು ರೂಢಿಯಲ್ಲಿರುವ ವಿಂಗಡಣೆ. ನಮ್ಮ ಕಿಟ್‌ನ ಬಣ್ಣದ ಪಟ್ಟಿಯಲ್ಲಿ ಸೊನ್ನೆಯ ನಂತರದ ಮೊದಲ ಗುರುತೇ 0.5! ಅದೂ ಒಟ್ಟು ರಂಜಕವಲ್ಲ, ನೀರಿನಲ್ಲಿ ಕರಗಿ ಬಿಡಿಯಾಗಿರುವ ಫಾಸ್ಫೇಟ್ ಮಾತ್ರ. ಪಾಚಿಯ ಮೈಯೊಳಗೆ ಸೇರಿಹೋದ ರಂಜಕವನ್ನು ಇದು ಕಾಣುವುದೇ ಇಲ್ಲ. ಹಾಗಾಗಿ ಪಾಚಿ ಎಷ್ಟು ದಟ್ಟವಾಗಿದ್ದರೆ ಟ್ಯೂಬಿನಲ್ಲಿ ಅಷ್ಟು ಕಡಿಮೆ ಫಾಸ್ಫೇಟ್ ಕಾಣಿಸುವ ವಿಚಿತ್ರ ಸ್ಥಿತಿಯೂ ಬರುತ್ತದೆ. ಹಸಿರು ಕೆನೆಗಟ್ಟಿದ ಕೆರೆಯ ನೀರಿಗೆ ಈ ಟ್ಯೂಬು ಸೊನ್ನೆ ತೋರಿಸಿದ ಚಿತ್ರವನ್ನು ಯಾರಾದರೂ ಹಂಚಿಕೊಂಡರೆ, ಕೊಳಚೆ ಬಿಡುವವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕೊಳಚೆ ಕಾಲುವೆಯ ಬಾಯಿಯಲ್ಲಿ, ನೀಲಿ ಬಣ್ಣ ಗಾಢವಾಗಿ ಮೂಡುವಲ್ಲಿ, ಈ ಪರೀಕ್ಷೆಗೆ ಅರ್ಥವಿದೆ. ಕೆರೆಯ ನಡುನೀರಿಗೆ ಇಲ್ಲ. ಒಟ್ಟು ರಂಜಕದ ಪರೀಕ್ಷೆಗೆ ಪ್ರಯೋಗಾಲಯವೇ ಬೇಕು, ಅಲ್ಲಿಗೆ ಒಯ್ಯುವ ಬಾಟಲಿಯನ್ನು ಸೋಪಿನಪುಡಿ ಹಾಕಿ ತೊಳೆಯಬಾರದು.

ನೈಟ್ರೇಟ್ ಟ್ಯೂಬಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ವಿಷಕಾರಿ ಕ್ಯಾಡ್ಮಿಯಂ ಬದಲು ಸತುವಿನ ಪುಡಿ ಬಳಸಿದ್ದಾರೆ, ಒಳ್ಳೆಯದು. ಆಮ್ಲಜನಕವಿಲ್ಲದ ಕೊಳಚೆಯಲ್ಲಿ ಸಾರಜನಕ ಬಹುಪಾಲು ಅಮೋನಿಯಾ ರೂಪದಲ್ಲೇ ಇರುವುದರಿಂದ ಅಲ್ಲಿ ನೈಟ್ರೇಟ್ ಕಡಿಮೆ ಬಂದರೆ ಸಮಾಧಾನಪಡುವಂತಿಲ್ಲ.

ಟಿಡಿಎಸ್ ಪೆನ್ನಿನ ವಿಚಾರದಲ್ಲಿ ಜನರಿಗಿರುವ ನಂಬಿಕೆ ವಿಪರೀತ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಅಂದಾಜಿನ ಗುಣಾಂಕದಿಂದ, ಸಾಮಾನ್ಯವಾಗಿ 0.5ರಿಂದ 0.7ರ ನಡುವಿನ ಯಾವುದೋ ಒಂದರಿಂದ ಗುಣಿಸಿ, ಕರಗಿದ ಘನವಸ್ತು ಎಂದು ತೋರಿಸುತ್ತದೆ. ನೆಲದ ಸ್ವಭಾವದಿಂದಲೇ ಲವಣ ಹೆಚ್ಚಿರುವ ನಿರ್ಮಲ ಕೆರೆಗಳಿವೆ, ಲವಣ ಕಡಿಮೆಯಿದ್ದೂ ವಿಷ ತುಂಬಿದ ನೀರೂ ಇದೆ. ಆದ್ದರಿಂದ ಈ ಅಂಕಿಯನ್ನು ಹಿಡಿದು ನೀರು ಒಳ್ಳೆಯದು ಕೆಟ್ಟದ್ದು ಎನ್ನಲು ಬರುವುದಿಲ್ಲ. ಆದರೆ ಪೆನ್ನನ್ನು ವಾಹಕತೆಗೆ ಹೊಂದಿಸಿ ದಡದುದ್ದಕ್ಕೂ ಹೆಜ್ಜೆಹೆಜ್ಜೆಗೆ ಅದ್ದುತ್ತ ಹೋಗಿ: ಕೆರೆಯ ನೀರಿಗಿಂತ ಕೊಳಚೆಯಲ್ಲಿ ಲವಣ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಪೊದೆಯ ಹಿಂದೆಯೋ ಕಲ್ಲುಕಟ್ಟಡದ ಸಂದಿಯಲ್ಲೋ ಕಣ್ಣಿಗೆ ಕಾಣದೆ ಜಿನುಗುತ್ತಿರುವ ಕೊಳವೆಯ ಹತ್ತಿರ ಅಂಕಿ ಒಮ್ಮೆಲೇ ಏರುತ್ತದೆ. ಎಲ್ಲಿ ಏರಿತೋ ಅಲ್ಲಿ ನಿಂತು ಅಮೋನಿಯಾ ಮತ್ತು ಡಿಒ ನೋಡಿದರೆ ಸಾಕು. ಈ ಒಂದು ಉಪಯೋಗಕ್ಕಾಗಿ ಪೆನ್ ತನ್ನ ಜಾಗವನ್ನು ಗಳಿಸಿಕೊಂಡಿದೆ, ಕೈಪಿಡಿಯಲ್ಲಿ ಅದರ ಸುಳಿವೇ ಇಲ್ಲದಿದ್ದರೂ. ಅಳತೆಯನ್ನು ಸರಿಹೊಂದಿಸಿಕೊಳ್ಳುವ ದ್ರಾವಣವನ್ನು ಕಿಟ್ ಜೊತೆ ಕೊಟ್ಟಿಲ್ಲ, ಬೇರೆಯಾಗಿ ತರಿಸಿಕೊಳ್ಳಬೇಕಾಯಿತು.

ಬ್ಯಾಕ್ಟೀರಿಯಾ ಬಾಟಲಿಗಳು ಹೈಡ್ರೋಜನ್ ಸಲ್ಫೈಡ್ ಮಾದರಿಯವು: ನೀರು ತುಂಬಿ ಬೆಚ್ಚಗೆ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತವೆ. ಕುಡಿಯುವ ನೀರಿನ ಕೊಳಾಯಿ, ಬಾವಿಗಳಿಗೆ ಇದೊಂದು ಅತ್ಯುತ್ತಮ ಪ್ರಾಥಮಿಕ ಪರೀಕ್ಷೆ. ಹಕ್ಕಿ, ದನಕರುಗಳು ಇಳಿಯುವ ಯಾವ ತೆರೆದ ಕೆರೆಯ ನೀರು ತುಂಬಿದರೂ ಇದು ಬಹುತೇಕ ಕಪ್ಪಾಗಿಯೇ ತೀರುತ್ತದೆ. ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಪರೀಕ್ಷೆಯಿಂದ ಎಷ್ಟಿದೆ, ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ. ಕಪ್ಪು ಬಾಟಲಿಯ ಚಿತ್ರ ಜನರನ್ನು ಬೆಚ್ಚಿಬೀಳಿಸುತ್ತದೆ ನಿಜ, ಆದರೆ ತಿಳಿದ ಅಧಿಕಾರಿಯೊಬ್ಬರು ಅದನ್ನು ಒಂದೇ ಮಾತಿನಲ್ಲಿ ಬದಿಗೆ ಸರಿಸಿ, ಅದರ ಜೊತೆಗೆ ನಮ್ಮ ಉಳಿದ ಅಂಕಿಗಳ ಮೇಲಿನ ವಿಶ್ವಾಸವನ್ನೂ ಅಲುಗಿಸಿಬಿಡಬಹುದು. ಇದರ ಜಾಗದಲ್ಲಿ ಪಾಚಿವಿಷದ ಬಗ್ಗೆ ಒಂದು ಪುಟದ ಎಚ್ಚರಿಕೆಯನ್ನಾದರೂ ಇಡಬಹುದಿತ್ತು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಈರಿ ಸರೋವರದ ನೀಲಿ-ಹಸಿರು ಪಾಚಿಯ ಮೈಕ್ರೋಸಿಸ್ಟಿನ್ ವಿಷ ಟೊಲೀಡೊ ನಗರದ ನೀರು ಸರಬರಾಜಿನಲ್ಲಿ ಕಾಣಿಸಿಕೊಂಡಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದು ಸೂಚಿಸಬೇಕಾಯಿತು. ಕುದಿಸಿದರೆ ಈ ವಿಷ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬಣ್ಣ ಚೆಲ್ಲಿದಂತೆ ತೇಲುವ ಹಸಿರು ಪದರವಿರುವಲ್ಲಿ ಬರಿಗೈಯಲ್ಲಿ ಮಾದರಿ ತೆಗೆಯಬಾರದೆಂಬ ಮಾತು ಕೈಪಿಡಿಯ ಮೊದಲ ಪುಟದಲ್ಲೇ ಇರಬೇಕಿತ್ತು.

ಆ್ಯಪ್ ನೋಡಲು ಚೆಂದವಿದೆ, ಜಾಗ ಮತ್ತು ಸಮಯವನ್ನು ತಾನೇ ದಾಖಲಿಸಿಕೊಳ್ಳುತ್ತದೆ, ನೆಟ್‌ವರ್ಕ್ ಇಲ್ಲದಾಗಲೂ ಅಂಕಿಗಳನ್ನು ಉಳಿಸಿಕೊಂಡು ಆಮೇಲೆ ಕಳುಹಿಸುತ್ತದೆ. ಇಷ್ಟಕ್ಕೆ ನಿಲ್ಲದೆ, ಎಲ್ಲ ಪರೀಕ್ಷೆಗಳನ್ನೂ ಕೂಡಿಸಿ ಭಾಗಿಸಿ ಕೆರೆಗೆ ಒಂದೇ ಅಂಕ ಕೊಟ್ಟು ಉತ್ತಮ, ಸಾಧಾರಣ, ಕಳಪೆ ಎಂದು ಬಣ್ಣ ಹಚ್ಚುತ್ತದೆ. ಆಮ್ಲಜನಕ ಸೊನ್ನೆಯ ಹತ್ತಿರವಿದ್ದ ಮೂಲೆಗೂ ಪಿಎಚ್, ನೈಟ್ರೇಟ್‌ಗಳ ದಯೆಯಿಂದ ಸಾಧಾರಣ ಎಂಬ ಹಳದಿ ಬಣ್ಣ ಸಿಕ್ಕಿತು. ಗಣಿತದಲ್ಲಿ ಸೊನ್ನೆ ತೆಗೆದ ಹುಡುಗನನ್ನು ಚಿತ್ರಕಲೆಯ ಅಂಕ ಸೇರಿಸಿ ಪಾಸು ಮಾಡಿದ ಹಾಗೆ. ದೂರಿನ ಜೊತೆ ಈ ಬಣ್ಣದ ನಕ್ಷೆಯನ್ನು ಲಗತ್ತಿಸಬಾರದು, ಬಿಡಿ ಅಂಕಿಗಳ ಪಟ್ಟಿಯನ್ನೇ ಲಗತ್ತಿಸಬೇಕು.

ಈಗ ಈ ಅಂಕಿಗಳನ್ನು ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದಾಗ ಏನಾಗುತ್ತದೆ ಎಂಬ ಮುಖ್ಯ ವಿಷಯ. ನಾಗರಿಕರು ತೆಗೆದ ಮಾದರಿಗೆ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯವಾಗಿ ತೂಕ ಕಡಿಮೆ. ಅಧಿಕೃತ ವ್ಯಕ್ತಿ ತೆಗೆದು, ಮೊಹರು ಹಾಕಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಪ್ಪಿಸಿದ, ಕೈಯಿಂದ ಕೈಗೆ ಹೋದ ದಾಖಲೆಯಿರುವ ಮಾದರಿಗಷ್ಟೇ ಸಾಕ್ಷ್ಯದ ಬೆಲೆ ಸಿಗುತ್ತದೆ. ಇದನ್ನು ಅಡ್ಡಿಯೆಂದು ತಿಳಿದರೆ ಕಿಟ್ ವ್ಯರ್ಥ, ಗುರಿಯೆಂದು ತಿಳಿದರೆ ಸಾರ್ಥಕ. ನಮ್ಮ ಪಟ್ಟಿಯನ್ನು ನೋಡಿದ ಅಧಿಕಾರಿ, "ಇದು ಮಾನ್ಯತೆ ಇರುವ ಲ್ಯಾಬಿನ ವರದಿ ಅಲ್ಲವಲ್ಲ ಮೇಡಂ" ಎಂದರು. ನಮ್ಮ ಗುಂಪಿನ ಹಿರಿಯರೊಬ್ಬರು, ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, "ಅಲ್ಲ ಸರ್, ಅದಕ್ಕೇ ಬಂದಿದ್ದು. ನಿಮ್ಮ ಲ್ಯಾಬಿನವರೇ ಬರಲಿ, ಆದರೆ ಈ ಜಾಗಕ್ಕೆ ಬರಲಿ, ಬೆಳಗಿನ ಜಾವ ಬರಲಿ. ಬರಲು ಆಗದಿದ್ದರೆ ಏಕೆ ಎಂದು ಬರೆದುಕೊಡಿ" ಎಂದು ಅರ್ಜಿಯನ್ನು ಮುಂದಿಟ್ಟರು. ಕೆರೆ ಕಲುಷಿತವಾಗಿದೆ, ಕ್ರಮ ಕೈಗೊಳ್ಳಿ ಎಂಬ ಅರ್ಜಿಗೆ ಪರಿಶೀಲಿಸಲಾಗುವುದು ಎಂಬ ಉತ್ತರ ಸಾಕಾಗುತ್ತದೆ. ಈ ಜಾಗ, ಈ ಹೊತ್ತು, ಈ ಪರೀಕ್ಷೆ ಎಂಬ ಅರ್ಜಿಗೆ ಅದು ಸಾಕಾಗುವುದಿಲ್ಲ. ಮಾದರಿ ತೆಗೆದದ್ದು ಎಲ್ಲಿ, ಯಾವಾಗ ಎಂಬ ಪ್ರಶ್ನೆ ಕೇಳಲು ಬೇಕಾದ ತಿಳಿವಳಿಕೆಯನ್ನು ಕಿಟ್ ಕೊಡುತ್ತದೆ, ಅದರ ನಿಜವಾದ ಬೆಲೆ ಅಲ್ಲಿದೆ.

ಅಂಕಿಗಳಿಗೆ ಬಲ ತರುವ ಇನ್ನೊಂದು ಉಪಾಯವೆಂದರೆ ಜೋಡಿ ಮಾದರಿ. ಕೊಳವೆ ಕಾಲುವೆಗೆ ಸೇರುವ ಜಾಗದ ಸ್ವಲ್ಪ ಮೇಲ್ಗಡೆ ಒಂದು, ಸ್ವಲ್ಪ ಕೆಳಗಡೆ ಒಂದು, ಒಂದೇ ಹೊತ್ತಿನಲ್ಲಿ, ಒಂದೇ ಕಾರಕದ ಬಾಟಲಿಯಿಂದ. ಕಾರಕ ಹಳತಾಗಿದ್ದರೆ, ಹನಿ ದೊಡ್ಡದಾಗಿದ್ದರೆ, ಕಣ್ಣು ಬಣ್ಣವನ್ನು ತುಸು ಗಾಢವಾಗಿ ಓದಿದರೆ ಆ ದೋಷ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ವ್ಯತ್ಯಾಸವನ್ನು ಕಿಟ್‌ನ ತಲೆಗೆ ಕಟ್ಟಲು ಯಾರಿಗೂ ಬರುವುದಿಲ್ಲ. ಇದರ ಜೊತೆಗೆ ತಾರೀಖು, ಗಂಟೆ, ಹಿಂದಿನ ದಿನ ಮಳೆಯಾಗಿತ್ತೇ, ನೀರಿನ ಬಣ್ಣ ಮತ್ತು ವಾಸನೆ, ಪರೀಕ್ಷಿಸಿದವರು ಯಾರು, ಕಾರಕದ ಬ್ಯಾಚ್ ಸಂಖ್ಯೆ ಏನು ಎಂಬುದನ್ನು ಅಲ್ಲೇ ಪೆನ್ನಿನಲ್ಲಿ ಬರೆದ ದಫ್ತರು ಬೇಕು. ತಿದ್ದುವುದಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಅಳಿಸಬಾರದು. ಇಷ್ಟೊಂದು ಪ್ಲಾಸ್ಟಿಕ್ಕನ್ನು ಪೆಟ್ಟಿಗೆಗೆ ತುಂಬಿದವರು ಪುಟಸಂಖ್ಯೆ ಹಾಕಿದ ಒಂದು ಪುಸ್ತಕವನ್ನು ಇಡದೇ ಹೋದದ್ದನ್ನು ನಾನು ಫಾಸ್ಫೇಟ್ ಪಟ್ಟಿಯಷ್ಟೇ ದೊಡ್ಡ ಕೊರತೆಯೆಂದು ಎಣಿಸುತ್ತೇನೆ.

ವಸ್ತುಗಳ ಗಟ್ಟಿತನದ ಬಗ್ಗೆ ಹೇಳುವುದಾದರೆ, ತಟ್ಟೆ ಮತ್ತು ಗಾಜಿನ ಬಾಟಲಿ ಚೆನ್ನಾಗಿವೆ. ಹಗ್ಗ ನೆನೆದ ಮೇಲೆ ಹಿಗ್ಗುವುದರಿಂದ ಗುರುತುಗಳನ್ನು ಆಗಾಗ ಅಳತೆಪಟ್ಟಿಯಿಂದ ಪರಿಶೀಲಿಸಬೇಕು. ಕಾರಕಗಳ ಬಾಟಲಿಗಳ ಮೇಲೆ ಅವಧಿ ಮುಗಿಯುವ ದಿನಾಂಕವನ್ನು ಸ್ಪಷ್ಟವಾಗಿ ಅಚ್ಚು ಹಾಕಿದ್ದಾರೆ. ಥಯೋಸಲ್ಫೇಟ್ ಮತ್ತು ಪಿಷ್ಟದ ದ್ರಾವಣಗಳು ಬೇಗ ಕೆಡುವಂಥವು, ಬಿಸಿಲಿಗೆ ನಿಲ್ಲಿಸಿದ ವಾಹನದಲ್ಲಿ ಪೆಟ್ಟಿಗೆಯನ್ನು ಬಿಡಬಾರದು. ಕೈಗವಸು ಕೊಟ್ಟವರು ಕಣ್ಣಿಗೆ ಕನ್ನಡಕ ಕೊಟ್ಟಿಲ್ಲ. ಡಿಒ ಪರೀಕ್ಷೆಯಲ್ಲಿ ಬಳಸುವುದು ಪ್ರಬಲ ಆಮ್ಲ ಮತ್ತು ಪ್ರಬಲ ಕ್ಷಾರ, ಮಕ್ಕಳನ್ನು ಜೊತೆಗೆ ಕರೆದೊಯ್ಯುವ ಗುಂಪುಗಳು ಇದನ್ನು ಗಮನಿಸಬೇಕು. ಪರೀಕ್ಷೆ ಮುಗಿದ ಮೇಲೆ ಉಳಿಯುವ ದ್ರಾವಣವನ್ನು ಏನು ಮಾಡಬೇಕೆಂದು ಕೈಪಿಡಿ ಹೇಳುವುದಿಲ್ಲ, ತ್ಯಾಜ್ಯಕ್ಕೊಂದು ಬಾಟಲಿಯೂ ಇಲ್ಲ. ಕೆರೆಯನ್ನು ಉಳಿಸಲು ಹೋದವರು ಮ್ಯಾಂಗನೀಸ್, ಅಜೈಡ್ ಬೆರೆತ ನೀರನ್ನು ಅದೇ ಕೆರೆಗೆ ಚೆಲ್ಲಿ ಬರುವುದು ಚೆನ್ನಾಗಿರುವುದಿಲ್ಲ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಸಂಗ್ರಹಿಸಿ, ಹತ್ತಿರದ ಕಾಲೇಜಿನ ಪ್ರಯೋಗಾಲಯದ ತ್ಯಾಜ್ಯದ ಜೊತೆ ಸೇರಿಸಲು ಕೇಳಿಕೊಳ್ಳುವುದು ಉತ್ತಮ.

ಒಬ್ಬರೇ ಕುತೂಹಲಕ್ಕಾಗಿ ಕೊಳ್ಳುವುದಾದರೆ ಈ ಕಿಟ್ ಬೇಡ. ಸೆಕ್ಕಿ ತಟ್ಟೆಯನ್ನು ಬಿಡಿಯಾಗಿ ಕೊಂಡು ಅಥವಾ ಮನೆಯಲ್ಲೇ ಮಾಡಿಕೊಂಡು, ಬಣ್ಣ ಹಾಗೂ ಆಳವನ್ನು ತಪ್ಪದೆ ಬರೆಯುತ್ತ ಹೋದರೆ ಸಾಕು. ಸರದಿಯ ಮೇಲೆ ದಡಕ್ಕೆ ಹೋಗಿಬರಲು ನಾಲ್ಕಾರು ಜನರಿರುವ, ಅರ್ಜಿ ಬರೆದು ಬೆನ್ನು ಹತ್ತುವವರೂ ಇರುವ ಗುಂಪಿಗೆ ಇದು ಯೋಗ್ಯವಾದ ಖರೀದಿ. ಕೊಳ್ಳುವ ಮೊದಲು ಮಾರಾಟಗಾರರನ್ನು ಎರಡು ವಿಷಯ ಕೇಳಿ: ಫಾಸ್ಫೇಟ್ ಪಟ್ಟಿಯ ಮೊದಲ ಗುರುತು ಎಷ್ಟು, ಮತ್ತು ಡಿಒ ಕಾರಕಗಳು ಬಿಡಿಯಾಗಿ ಸಿಗುತ್ತವೆಯೇ. ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಬೇರೆ ತಯಾರಕರನ್ನು ನೋಡುವುದು ಒಳ್ಳೆಯದು, ಏಕೆಂದರೆ ಕಿಟ್‌ನಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಆ ಬಾಟಲಿಗಳೇ.